ಕೇಬಲ್ ತೆಗೆದ ಮೇಲೆ ದೂರುಗಳು ನಿಂತ ಬಗೆ

೨೦೨೪ನೆಯ ಇಸವಿ. ಆಗ ನಾನು ಡ್ಯೂಸೆಲ್ಡಾರ್ಫಿನ ಒಂದು ಸಣ್ಣ ಐ.ಟಿ. ಸೇವಾ ಕಂಪನಿಯಲ್ಲಿ ಪ್ರಾಜೆಕ್ಟ್ ಲೀಡ್ ಆಗಿದ್ದೆ. ಹದಿನೆಂಟು ಜನರ ಕಚೇರಿ. ಇಲ್ಲಿನವರು ಫ್ಲೇಗೆಹೈಮ್ ಎಂದು ಕರೆಯುವ ವೃದ್ಧರ ಆರೈಕೆ ಮನೆಗಳಿಗೆ ನೆಟ್‌ವರ್ಕ್, ವೈಫೈ, ಫೋನು, ಹಾಸಿಗೆಯಿಂದ ನರ್ಸನ್ನು ಕರೆಯುವ ಗಂಟೆ, ಇಂಥವನ್ನೆಲ್ಲ ಹಾಕಿಕೊಟ್ಟು ನೋಡಿಕೊಳ್ಳುವುದು ನಮ್ಮ ಕೆಲಸ. ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದ ನಾನು ಜರ್ಮನಿಗೆ ಬಂದು ಆಗಲೇ ಇಪ್ಪತ್ತೆರಡು ವರ್ಷಗಳಾಗಿದ್ದವು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇರಬೇಕಾದ ಜಾಗದಲ್ಲಿ ಅಪ್ಪನ ಹೆಸರು ಕೂತಿರುವುದರಿಂದ ಇಲ್ಲಿ ನನ್ನನ್ನು ಯಾರೂ ಗಾಯತ್ರಿ ಎನ್ನುವುದಿಲ್ಲ. ಫ್ರೌ ಪುಟ್ಟಸ್ವಾಮಿ ಎನ್ನುತ್ತಾರೆ; ಇಲ್ಲಿ ಹೆಂಗಸರ ಹೆಸರಿನ ಮುಂದೆ ಫ್ರೌ, ಗಂಡಸರ ಹೆಸರಿನ ಮುಂದೆ ಹೆರ್.

ಆ ವರ್ಷದ ಜುಲೈ ಒಂದರಂದು ಜರ್ಮನಿಯಲ್ಲಿ ಒಂದು ಹಳೆಯ ಪದ್ಧತಿ ಕೊನೆಗೊಂಡಿತು. ಅಲ್ಲಿಯವರೆಗೆ ಮನೆ ಮಾಲೀಕರು ಇಡೀ ಕಟ್ಟಡಕ್ಕೆ ಕೇಬಲ್ ಟಿ.ವಿ. ಹಾಕಿಸಿ, ಅದರ ಶುಲ್ಕವನ್ನು ನೆಬೆನ್‌ಕೋಸ್ಟೆನ್‌ಗೆ, ಎಂದರೆ ಬಾಡಿಗೆಯ ಜೊತೆಗೆ ಬರುವ ನೀರು, ಕಸ, ಮೆಟ್ಟಿಲು ಗುಡಿಸುವ ಖರ್ಚಿನ ಪಟ್ಟಿಗೆ ಸೇರಿಸಿಬಿಡುತ್ತಿದ್ದರು. ನೋಡಿದರೂ ಕೊಡಬೇಕು, ನೋಡದಿದ್ದರೂ ಕೊಡಬೇಕು. ಹೊಸ ನಿಯಮ ಅದನ್ನು ನಿಲ್ಲಿಸಿತು. ಆರೈಕೆ ಮನೆಗಳ ವ್ಯವಹಾರ ಬೇರೆಯೇ ಆದರೂ ಆ ಗಾಳಿ ಅವರ ಕಡೆಗೂ ಬೀಸಿತು. ಕೇಬಲ್ ಬಿಟ್ಟು ಬೇರೆ ಏನು ಹಾಕಿಸಬಹುದು, ಎಷ್ಟು ಉಳಿಯುತ್ತದೆ ಎಂದು ಕೇಳುವ ಮೇಲ್‌ಗಳು ಆ ಬೇಸಿಗೆಯಲ್ಲಿ ನಮಗೆ ಒಂದರ ಹಿಂದೊಂದು ಬಂದವು. ನಮ್ಮ ಮನೆಯಲ್ಲಿ ನಾನು ಆಗಲೇ ಕೇಬಲ್ ತೆಗೆಸಿದ್ದೆ. ತೆಗೆಸುವ ಮುಂಚೆ ಹದಿನಾರರ ಮಗಳು ಮಾನ್ಯಾಳನ್ನು ಕೇಳಿದ್ದಕ್ಕೆ ಅವಳು ಫೋನಿನಿಂದ ತಲೆಯೆತ್ತದೆ, "ಫೆರ್ನ್‌ಸೆಹೆನ್ ಗುಕ್ಟ್ ದೊಹ್ ಕೈನರ್ ಮೆಯರ್, ಅಮ್ಮ," ಎಂದಿದ್ದಳು. ಟಿ.ವಿ. ಈಗ ಯಾರೂ ನೋಡುವುದಿಲ್ಲ ಎಂದು ಅದರರ್ಥ. ನಾನೂ ಹಾಗೆಯೇ ನಂಬಿದ್ದೆ.

ನಾನು ಹೇಳಲಿರುವ ಆರೈಕೆ ಮನೆ ನಗರದ ಅಂಚಿನಲ್ಲಿ, ಟ್ರಾಮಿನ ಕೊನೆಯ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯಲ್ಲಿದೆ. ಅದರ ಹೆಸರು ಬೇಡ. ನಾಲ್ಕು ಮಹಡಿ, ಎಪ್ಪತ್ತೊಂದು ಕೋಣೆ. ನಿರ್ದೇಶಕಿ ಫ್ರೌ ಹೆನ್ಸೆಲ್ ನಲವತ್ತು ದಾಟಿದ ಚುರುಕು ಹೆಂಗಸು, ಸದಾ ನಗುಮುಖ. ಅವರ ಮೇಲಿನ ಆಡಳಿತಕ್ಕೆ ಇಂಥವೇ ಇನ್ನೂ ಮೂರು ಮನೆಗಳಿದ್ದವು. ಇಲ್ಲಿ ಉಳಿತಾಯ ಮಾಡಿ ತೋರಿಸಿದರೆ ಅಲ್ಲಿಗೂ ಅದೇ ಯೋಜನೆ ಎಂದು ಮಾತಾಗಿತ್ತು.

ನಾನು ಅವರ ಮುಂದೆ ಎರಡು ದಾರಿಗಳನ್ನಿಟ್ಟೆ. ಮೊದಲನೆಯದು ಸ್ಟ್ರೀಮಿಂಗ್. ಕೇಬಲ್ ನಿಲ್ಲಿಸಿ, ಪ್ರತಿ ಟಿ.ವಿ.ಯ ಹಿಂದೆ ಬೆರಳುದ್ದದ ಒಂದು ಸ್ಟಿಕ್ ಸಿಕ್ಕಿಸುವುದು. ಚಾನೆಲ್‌ಗಳು ವೈಫೈ ಮೂಲಕ ಬರುತ್ತವೆ. ಎರಡನೆಯದು ಚಾವಣಿಯ ಮೇಲೆ ಒಂದು ಡಿಶ್ ಕೂರಿಸಿ, ಹೆಡ್‌ಎಂಡ್ ಎನ್ನುವ ಪೆಟ್ಟಿಗೆಯ ಮೂಲಕ ಅದರ ಸಿಗ್ನಲನ್ನು ಗೋಡೆಯೊಳಗಿನ ಹಳೆಯ ತಂತಿಗೇ ಕೊಡುವುದು. ಇದರಲ್ಲಿ ತಿಂಗಳ ಶುಲ್ಕವೇ ಇಲ್ಲ. ಟಿ.ವಿ. ಹಳೆಯದೇ, ರಿಮೋಟ್ ಹಳೆಯದೇ, ಒಂದನ್ನು ಒತ್ತಿದರೆ ಒಂದನೇ ಚಾನೆಲ್. ಏನಾದರೂ ಬದಲಾಗಿದೆ ಎಂದು ಕೋಣೆಯಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ.

ಐದು ವರ್ಷಕ್ಕೆ ನೋಡಿದರೆ ಎರಡನೆಯದೇ ಅಗ್ಗ. ಆದರೆ ಅದು ಆಂಟೆನಾ ಕೆಲಸದವರ ಪಾಲು. ನಮ್ಮ ಕಂಪನಿಗೆ ಅದರಲ್ಲಿ ಏನೂ ಇರಲಿಲ್ಲ. ಮೊದಲನೆಯದರಲ್ಲಿ ಇಪ್ಪತ್ತಾರು ಹೊಸ ವೈಫೈ ಪೆಟ್ಟಿಗೆಗಳು, ಅವುಗಳಿಗೆ ಮೂರು ವರ್ಷದ ನಿರ್ವಹಣಾ ಕರಾರು. ನಾನು ಒಂದೂ ಸುಳ್ಳು ಬರೆಯಲಿಲ್ಲ. ಹೋಲಿಕೆಯನ್ನು ಮೊದಲ ವರ್ಷಕ್ಕೆ ಮಾತ್ರ ತೋರಿಸಿದೆ. ಡಿಶ್ ಎದುರಿಗೆ 'ಚಾವಣಿ ಕೆಲಸ, ಕ್ರೇನ್, ಅನುಮತಿ ಬೇಕಾಗಬಹುದು, ಗಾಳಿ ಮಳೆಯಿದ್ದರೆ ತಡ' ಎಂದು ಬರೆದೆ. ಸ್ಟ್ರೀಮಿಂಗ್ ಎದುರಿಗೆ 'ತಕ್ಷಣ' ಎಂಬ ಒಂದೇ ಪದ. ಫ್ರೌ ಹೆನ್ಸೆಲ್ ಹಾಳೆಯನ್ನು ಅರ್ಧ ನಿಮಿಷ ನೋಡಿ ಮೊದಲನೆಯದಕ್ಕೆ ಟಿಕ್ ಹಾಕಿದರು.

ಸೆಪ್ಟೆಂಬರ್ ಮೊದಲ ವಾರ ಕೇಬಲ್ ಕಂಪನಿಯವರು ಬಂದು ನೆಲಮಾಳಿಗೆಯಲ್ಲಿ ಸಂಪರ್ಕ ಮುಚ್ಚಿಹೋದರು. ನಮ್ಮ ಹುಡುಗರು ಎರಡೇ ದಿನದಲ್ಲಿ ಎಪ್ಪತ್ತೊಂದು ಸ್ಟಿಕ್ ಸಿಕ್ಕಿಸಿದರು. ಹೊಸ ರಿಮೋಟಿನಲ್ಲಿ ಅಂಕಿಗಳಿರಲಿಲ್ಲ. ನಡುವೆ ಒಂದು ಉಂಗುರ, ಅದರ ಕೆಳಗೆ ಮನೆಯ ಚಿತ್ರದ ಗುಂಡಿ. ಉಂಗುರವನ್ನು ಎಡಕ್ಕೆ ಬಲಕ್ಕೆ ಒತ್ತುತ್ತಾ ಪರದೆಯ ಮೇಲಿನ ಬಣ್ಣದ ಚೌಕಗಳಲ್ಲಿ ಬೇಕಾದ ಚಾನೆಲ್ ಹುಡುಕಬೇಕು. ಫ್ರೌ ಹೆನ್ಸೆಲ್ ಊಟದ ಹಾಲಿನಲ್ಲಿ ನಲವತ್ತು ನಿಮಿಷದ ತರಬೇತಿ ಏರ್ಪಡಿಸಿ, ಕೇಕ್ ಹಂಚಿ, ಬಂದವರಿಗೆಲ್ಲ 'ಡಿಜಿಟಲ್ ಫಿಟ್' ಎಂಬ ಪ್ರಮಾಣಪತ್ರ ಕೊಟ್ಟರು. ಪಾಠ ಮಾಡಿದವಳು ನಾನೇ. ಹಿಂದಿನ ಸಾಲಿನ ಮೂವರು ನಿದ್ದೆಹೋಗಿದ್ದರು. ಅವರಿಗೂ ಪತ್ರ ಸಿಕ್ಕಿತು.

ಆ ಮನೆಯ ಮೂರನೇ ಮಹಡಿಯ ಹೊಣೆ ಹೊತ್ತಿದ್ದವರು ಐರಿನ್ ಅಕ್ಕ. ಉಡುಪಿ ಹತ್ತಿರದ ಶಿರ್ವದವರು. ಇಪ್ಪತ್ತೊಂದನೇ ವಯಸ್ಸಿಗೆ ನರ್ಸಿಂಗ್ ಕಲಿಯಲು ಬಂದು ಇಲ್ಲಿಯೇ ಉಳಿದವರು. ನಾನು ನೋಡಿದಾಗ ಅರವತ್ತೈದು. ಮೊದಲ ದಿನ ನನ್ನ ಬ್ಯಾಡ್ಜಿನ ಮೇಲಿನ ಹೆಸರು ಓದಿ, "ಪುಟ್ಟಸ್ವಾಮಿ? ಕನ್ನಡ ಬರ್ತದಾ ಮಾರಾಯ್ತಿ?" ಎಂದು ಕೈ ಹಿಡಿದುಕೊಂಡಿದ್ದರು. ಆಮೇಲೆ ಅಲ್ಲಿ ಹೋದಾಗಲೆಲ್ಲ ಅವರ ಜೊತೆ ಒಂದು ಕಾಫಿ ಎಂದಾಯಿತು.

ಅವರ ಮಹಡಿಯಲ್ಲಿ ಹೆರ್ ವಿಟ್ಟೆ ಎಂಬ ಎಂಬತ್ತಾರು ವರ್ಷದವರಿದ್ದರು. ಮೂವತ್ನಾಲ್ಕು ವರ್ಷ ಟ್ರಾಮ್ ಓಡಿಸಿದವರು. ಈಗ ಡಿಮೆನ್ಶಿಯಾ, ಕೆಲವು ದಿನ ಮಗಳ ಹೆಸರೂ ನೆನಪಿರುತ್ತಿರಲಿಲ್ಲ. ಆದರೆ ಸಂಜೆ ಎಂಟಕ್ಕೆ ಐದು ನಿಮಿಷವಿರುವಾಗ ಅಂಗಿಯ ಮೇಲಿನ ಗುಂಡಿ ಹಾಕಿ, ಟಿ.ವಿ. ಹಚ್ಚಿ, ಒಂದನ್ನು ಒತ್ತುತ್ತಿದ್ದರು. ಎಂಟರ ವಾರ್ತೆಗೆ ಮುನ್ನ ಬಾರಿಸುವ ಗಂಟೆ ಕೇಳಿದೊಡನೆ ಎದ್ದು ನಿಂತು, ಕೈಗಡಿಯಾರ ಸರಿಯಿದೆಯೇ ಎಂದು ನೋಡಿ ಕೂರುತ್ತಿದ್ದರು. ಹವಾಮಾನ ಮುಗಿದ ಮೇಲೆ ಯಾರೂ ಹೇಳದೆ ತಾವೇ ಹೋಗಿ ಮಲಗುತ್ತಿದ್ದರು. "ಇಡೀ ಮಹಡಿಯಲ್ಲಿ ಇಷ್ಟು ಸುಲಭದ ಮನುಷ್ಯ ಇಲ್ಲ," ಎಂದು ಐರಿನ್ ಅಕ್ಕ ಹೇಳುತ್ತಿದ್ದರು.

ಕೇಬಲ್ ಮುಚ್ಚಿದ ದಿನ ಅವರು ಹಳೆಯ ರಿಮೋಟಿನಲ್ಲಿ ಒಂದನ್ನು ಒತ್ತಿದರು. ನೀಲಿ ಪರದೆ ಬಂತು: ಸಿಗ್ನಲ್ ಇಲ್ಲ.

ಎರಡನೇ ವಾರ ಅವರ ಕೋಣೆಯಿಂದ ನಮಗೆ ಆರನೇ ಟಿಕೆಟ್ ಬಂದಾಗ ನಾನೇ ಹೋದೆ. ಟಿಕೆಟ್ ಎಂದರೆ ನಮ್ಮ ಕಂಪ್ಯೂಟರಿನಲ್ಲಿ ದಾಖಲಾಗುವ ದೂರು. ಕೆಲಸ ಮುಗಿದ ಮೇಲೆ ಅದನ್ನು 'ಕ್ಲೋಸ್' ಮಾಡುತ್ತೇವೆ. ಹೆರ್ ವಿಟ್ಟೆ ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತಿದ್ದರು.

"ಮೇಡಂ, ನಿಮ್ಮವರು ಒಂದನ್ನು ಕಿತ್ತುಕೊಂಡು ಹೋಗಿದ್ದಾರೆ," ಎಂದರು.

"ಯಾವ ಒಂದನ್ನು?"

"ಒಂದು." ಹಳೆಯ ರಿಮೋಟಿನ ಆ ಗುಂಡಿಯನ್ನು ತೋರಿಸಿದರು. ಅಲ್ಲಿನ ಅಂಕಿ ಅವರ ಬೆರಳಿಗೆ ಸವೆದು ಅಳಿಸಿಹೋಗಿತ್ತು. "ಎರಡೂ ಇಲ್ಲ. ಮೂರೂ ಇಲ್ಲ. ಎಲ್ಲ ನೋಡಿದೆ."

ಹೊಸ ರಿಮೋಟನ್ನು ಅವರ ಕೈಗಿಟ್ಟು, ಬೆರಳು ಹಿಡಿದು ಉಂಗುರ ಒತ್ತಿಸಿ ಕಲಿಸಿದೆ. ಅವರು ಸೌಜನ್ಯದಿಂದ ಕಲಿತರು. ನಾನು ಬಾಗಿಲು ತಲುಪುವಷ್ಟರಲ್ಲಿ ಮರೆತಿದ್ದರು. ಮತ್ತೆ ಕಲಿಸಿದೆ. ಆರು ಸಲ ಆಯಿತು. ಆರನೇ ಸಲ ಅವರು, "ನಾನು ದಡ್ಡನಲ್ಲ ಮೇಡಂ, ಟ್ರಾಮ್ ಓಡಿಸಿದವನು," ಎಂದರು. ಎರಡು ರಿಮೋಟ್ ಇರುವುದರಿಂದಲೇ ಗೊಂದಲ ಎಂದು ತೀರ್ಮಾನಿಸಿ ಹಳೆಯದನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅವರ ಕೈ ಬ್ಯಾಗಿನ ಹಿಂದೆಯೇ ಸ್ವಲ್ಪ ದೂರ ಬಂತು. ಎಲ್ಲ ಕೋಣೆಗಳಿಂದಲೂ ಹಳೆಯ ರಿಮೋಟ್‌ಗಳನ್ನು ವಾಪಸ್ ತೆಗೆದುಕೊಳ್ಳಬೇಕೆಂದು ಅವತ್ತೇ ಮೇಲ್ ಕಳಿಸಿದೆ. ಟಿಕೆಟ್ ಕ್ಲೋಸ್ ಮಾಡಿದೆ.

ಮೊದಲ ತಿಂಗಳು ಆ ಮನೆಯಿಂದ ನೂರಕ್ಕೂ ಹೆಚ್ಚು ದೂರುಗಳು ಬಂದಿದ್ದವು. ಅವೂ ಹಗಲಿನವು ಮಾತ್ರ. ನಮ್ಮ ಸಹಾಯವಾಣಿ ಸಂಜೆ ಐದಕ್ಕೆ ಮುಚ್ಚುತ್ತಿತ್ತು, ವಾರ್ತೆ ಬರುವುದು ಎಂಟಕ್ಕೆ. ಎರಡನೇ ಮಹಡಿಯ ಒಬ್ಬ ಅಜ್ಜಿ ತಾನೇ ಏನೋ ಕೆಡಿಸಿದೆ ಎಂದು ದಿನವೂ ನರ್ಸ್‌ಗಳ ಕ್ಷಮೆ ಕೇಳುತ್ತಿದ್ದರಂತೆ. ಹೆರ್ ವಿಟ್ಟೆ ಎಂಟು ಗಂಟೆಗೆ ಕಾರಿಡಾರಿಗೆ ಬಂದು, ಎಂಟಾಯಿತೇ, ಎಂಟಾಯಿತೇ ಎಂದು ಒಂದೊಂದೇ ಬಾಗಿಲು ತಟ್ಟುತ್ತಿದ್ದರಂತೆ. ಸಂಜೆ ಪಾಳಿಯವರು ಮೊದಮೊದಲು ಬಂದು ಚಾನೆಲ್ ಹಾಕಿಕೊಡುತ್ತಿದ್ದರು. ಆಮೇಲೆ, ಇವತ್ತು ವಾರ್ತೆ ರದ್ದಾಗಿದೆ ಎಂದು ಹೇಳತೊಡಗಿದರು. ಅವರ ನಡುವೆ ಅದೊಂದು ತಮಾಷೆಯಾಯಿತು.

ಅಕ್ಟೋಬರಿನಲ್ಲಿ ದೂರುಗಳು ಅರ್ಧಕ್ಕಿಳಿದವು. ನವೆಂಬರಿನಲ್ಲಿ ಒಂಬತ್ತು. ಡಿಸೆಂಬರಿನಲ್ಲಿ ಒಂದೂ ಇಲ್ಲ. ಜನ ಹೊಸದಕ್ಕೆ ಹೊಂದಿಕೊಳ್ಳುತ್ತಾರೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ ಎಂದುಕೊಂಡೆ. ವರ್ಷಾಂತ್ಯದ ವರದಿಯಲ್ಲಿ 'ದೂರುಗಳು: ೦' ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಮೇಲಿನ ಆಡಳಿತದ ಮುಂದೆ ನಾನು ಅದನ್ನು ಪರದೆಯ ಮೇಲೆ ತೋರಿಸುವಾಗ ಫ್ರೌ ಹೆನ್ಸೆಲ್ ಜೊತೆಗೆ ಒಂದು ಪತ್ರವನ್ನೂ ಓದಿದರು. ಹೆರ್ ವಿಟ್ಟೆಯವರ ಮಗಳು ಹಾಂಬುರ್ಗಿನಿಂದ ಬರೆದದ್ದು: ಕ್ರಿಸ್ಮಸ್‌ಗೆ ಬಂದಾಗ ಅಪ್ಪ ಇಷ್ಟು ಶಾಂತವಾಗಿರುವುದನ್ನು ನೋಡಿ ನೆಮ್ಮದಿಯಾಯಿತು, ಎಲ್ಲರಿಗೂ ಕೃತಜ್ಞತೆಗಳು. ಎಲ್ಲರೂ ಮೇಜು ತಟ್ಟಿದರು. ಇಲ್ಲಿ ಅದೇ ಚಪ್ಪಾಳೆ.

ಜನವರಿ ಕೊನೆಯಲ್ಲಿ ಒಂದು ವೈಫೈ ಪೆಟ್ಟಿಗೆ ಬದಲಿಸಲು ಮತ್ತೆ ಅಲ್ಲಿಗೆ ಹೋದೆ. ಕೆಲಸ ತಡವಾಗಿ ಸಂಜೆ ಏಳೂಮುಕ್ಕಾಲಾಗಿತ್ತು. ಮೂರನೇ ಮಹಡಿಯ ಕಾರಿಡಾರಿನಲ್ಲಿ ಒಂದು ಸದ್ದೂ ಇರಲಿಲ್ಲ. ಹೆರ್ ವಿಟ್ಟೆಯವರ ಬಾಗಿಲು ಅರ್ಧ ತೆರೆದಿತ್ತು. ಅವರು ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ಜಾರಿ ಕೂತಿದ್ದರು. ಬಾಯಿ ತೆರೆದಿತ್ತು, ಅಂಗಿಯ ಎದೆ ಜೊಲ್ಲಿನಿಂದ ಒದ್ದೆಯಾಗಿತ್ತು, ಗುಂಡಿಗಳು ತಪ್ಪು ತೂತುಗಳಲ್ಲಿದ್ದವು. ಟಿ.ವಿ. ಆಫ್ ಆಗಿತ್ತು. ಹೆಸರು ಹಿಡಿದು ಕರೆದೆ. ಕಣ್ಣು ತೆರೆದರು, ಆ ಕಣ್ಣಿಗೆ ನಾನು ಕಾಣಲಿಲ್ಲ.

ಐರಿನ್ ಅಕ್ಕ ನರ್ಸ್‌ಗಳ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು.

"ಅಕ್ಕ, ವಿಟ್ಟೆಯವರಿಗೆ ಹುಷಾರಿಲ್ವಾ?"

"ಯಾಕೆ? ಚೆನ್ನಾಗಿದ್ದಾರಲ್ಲ."

"ಎಂಟಾಗ್ತಾ ಬಂತು. ಎದ್ದೇ ಇಲ್ಲ ಅವರು."

ಅವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ನಾನು ಬೇಕೆಂದೇ ಗೊತ್ತಿಲ್ಲದವಳಂತೆ ಆಡುತ್ತಿದ್ದೇನೆ ಎಂದುಕೊಂಡಿರಬೇಕು.

"ಏಳೂವರೆಗೆ ಹನಿ ಹಾಕಿದ್ರೆ ಎಂಟಕ್ಕೆ ಯಾರು ಟಿ.ವಿ. ಕೇಳ್ತಾರೆ ಮಾರಾಯ್ತಿ?"

"ಯಾವ ಹನಿ?"

"ಶಾಂತ ಇರ್ಲಿಕ್ಕೆ. ಡಾಕ್ಟರೇ ಬರೆದುಕೊಟ್ಟಿದ್ದಾರೆ, ತಳಮಳ ಇದ್ರೆ ಇಷ್ಟು ಹನಿ ಅಂತ. ತಳಮಳ ಉಂಟು, ಹಾಕಿದೆ. ಎಲ್ಲ ಫೈಲಲ್ಲಿ ಉಂಟು."

"ಎಷ್ಟು ಜನಕ್ಕೆ?"

"ನನ್ನ ಮಹಡಿಯಲ್ಲಿ ಆರು ಜನಕ್ಕೆ. ಬೇರೆ ಮಹಡಿಯದ್ದು ನಂಗೆ ಗೊತ್ತಿಲ್ಲ, ಕೇಳ್ಲಿಕ್ಕೂ ಹೋಗ್ಲಿಲ್ಲ."

"ಟಿ.ವಿ. ಇಲ್ಲ ಅನ್ನೋ ಒಂದೇ ಕಾರಣಕ್ಕಾ ಅಕ್ಕ?"

ಅವರ ದನಿ ಏರಲಿಲ್ಲ. "ಸಂಜೆ ಪಾಳಿಗೆ ಹದಿನೆಂಟು ಜನಕ್ಕೆ ನಾವಿಬ್ಬರು. ಒಬ್ಬರು ಎಲ್ಲ ಬಾಗಿಲು ತಟ್ಟಿದ್ರೆ ಹದಿನೆಂಟು ಜನವೂ ಏಳ್ತಾರೆ. ಒಬ್ಬಳು ಅಳ್ತಾಳೆ, ಒಬ್ಬ ಬಟ್ಟೆ ಬಿಚ್ತಾನೆ, ಒಬ್ಬ ಮೆಟ್ಟಿಲಿಗೆ ಹೋಗ್ತಾನೆ. ನಾನೆಂತ ಮಾಡ್ಬೇಕಿತ್ತು? ನಿನ್ನ ಆಫೀಸಿಗೆ ಫೋನ್ ಮಾಡಿದೆ. ಐದು ಗಂಟೆಗೆ ಬಂದ್ ಅಂತ ಮೆಷಿನ್ ಹೇಳ್ತು. ನೀನು ಟಿ.ವಿ. ತೆಗೆದೆ, ನಾನು ಹನಿ ಹಾಕಿದೆ. ಈಗ ನೀನು ಬಂದು ನನ್ನ ಮುಖ ನೋಡ್ತೀಯ."

ಅವತ್ತು ಮನೆಗೆ ಬಂದು ಕೋಟು ಬಿಚ್ಚದೆ ಎಷ್ಟೋ ಹೊತ್ತು ಕೂತಿದ್ದೆ. ನನ್ನ ವರದಿಯ ಸೊನ್ನೆ ಎಲ್ಲಿಂದ ಬಂದದ್ದು ಎಂದು ಈಗ ತಿಳಿದಿತ್ತು.

ಎರಡೇ ದಿನದಲ್ಲಿ ಡಿಶ್ ಯೋಜನೆಯನ್ನು ಹೊಸದಾಗಿ ಬರೆದುಕೊಂಡು ಫ್ರೌ ಹೆನ್ಸೆಲ್ ಅವರ ಮುಂದೆ ಕೂತೆ. ಸ್ಟ್ರೀಮಿಂಗ್ ಈ ಜನರಿಗೆ ಆಗುವುದಿಲ್ಲ, ಬದಲಿಸೋಣ ಎಂದೆ. ಅವರು ನಿಜವಾಗಿಯೂ ಅಚ್ಚರಿಪಟ್ಟರು.

"ನಿಮ್ಮದೇ ವರದಿಯಲ್ಲಿ ದೂರುಗಳು ಸೊನ್ನೆ ಎಂದಿದೆಯಲ್ಲ, ಫ್ರೌ ಪುಟ್ಟಸ್ವಾಮಿ?"

ಸಂಜೆಯ ಔಷಧಿಯ ಮಾತೆತ್ತಿದೆ. ಅವರ ನಗು ಹಾಗೆಯೇ ಇತ್ತು. "ಅದು ವೈದ್ಯರ ವಿಷಯ. ನೀವು ವೈಫೈ ನೋಡಿಕೊಳ್ಳುವವರು. ಅಂದಹಾಗೆ, ನಿಮಗೆ ಇದನ್ನು ಯಾರು ಹೇಳಿದರು?"

ಯಾರೂ ಇಲ್ಲ, ಎಂದೆ. ಐರಿನ್ ಅಕ್ಕನ ಪೆನ್ಶನ್ನಿಗೆ ಇನ್ನು ಹದಿನಾಲ್ಕು ತಿಂಗಳು ಬಾಕಿಯಿತ್ತು. ಮಾತು ಅಲ್ಲಿಗೆ ಮುಗಿಯಿತು.

ಎಪ್ಪತ್ತೊಂದು ಕೋಣೆಗೆ ಆಗದಿದ್ದರೆ ಒಂದಕ್ಕಾದರೂ ಆಗಲಿ ಎಂದು ನಾನೇ ಅಂಗಡಿಗೆ ಹೋಗಿ ಕಿಟಕಿಗೆ ಅಂಟಿಸುವ ಒಂದು ಸಣ್ಣ ಆಂಟೆನಾ ತಂದೆ. ಇಲ್ಲಿ ಸಾರ್ವಜನಿಕ ಚಾನೆಲ್‌ಗಳು ಆಂಟೆನಾದಲ್ಲಿ ಪುಕ್ಕಟೆ ಸಿಗುತ್ತವೆ. ಅದಕ್ಕೆ ಕೇಬಲೂ ಬೇಡ, ವೈಫೈಯೂ ಬೇಡ. ಈ ಸರಳ ಉಪಾಯ ನನಗೆ ಮೊದಲೇ ಹೊಳೆದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಐರಿನ್ ಅಕ್ಕನಿಗೆ ಫೋನ್ ಮಾಡಿದೆ. ಅವರು, "ಗುರುವಾರ ನನ್ನ ಪಾಳಿ. ಬಾ. ಅವತ್ತು ಹನಿ ಹಾಕೋದಿಲ್ಲ," ಎಂದರು.

ಫೆಬ್ರುವರಿಯ ಮೊದಲ ಗುರುವಾರ ಸಂಜೆ ಏಳಕ್ಕೆ ಹೋದೆ. ಆಂಟೆನಾವನ್ನು ಕಿಟಕಿಗೆ ಅಂಟಿಸಿ, ತಂತಿಯನ್ನು ಗೋಡೆಯಂಚಿಗೆ ಟೇಪ್ ಹಾಕಿ ಒತ್ತಿದೆ. ಚಾನೆಲ್‌ಗಳನ್ನು ಹುಡುಕಿಸಿ ಹಳೆಯ ಕ್ರಮಕ್ಕೆ ತಂದೆ. ಕಚೇರಿಯ ಡಬ್ಬದಿಂದ ಅವರದೇ ಹಳೆಯ ರಿಮೋಟನ್ನು ಹುಡುಕಿ ತಂದಿದ್ದೆ, ಅದನ್ನು ಕೈಗೆ ಕೊಟ್ಟೆ. ಹೆರ್ ವಿಟ್ಟೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹನಿ ಬೀಳದ ಆ ಸಂಜೆ ಅವರ ಮುಖದಲ್ಲಿ ಏನೋ ಮೆಲ್ಲಗೆ ವಾಪಸ್ ಬರುತ್ತಿರುವಂತೆ ಕಂಡಿತು. ಐರಿನ್ ಅಕ್ಕ ಅವರಿಗೆ ಒಗೆದ ಅಂಗಿ ಹಾಕಿ, ಮೇಲಿನ ಗುಂಡಿಯೊಂದನ್ನು ಬಿಟ್ಟು ಉಳಿದವನ್ನೆಲ್ಲ ಹಾಕಿದರು. ಐದು ನಿಮಿಷವಿರುವಾಗ ಹೆರ್ ವಿಟ್ಟೆ ಆ ಗುಂಡಿಯನ್ನು ತಾವೇ ಹಾಕಿಕೊಂಡರು. ಒಂದನ್ನು ಒತ್ತಿದರು. ಚಿತ್ರ ಬಂತು.

ನಾವಿಬ್ಬರೂ ಬಾಗಿಲ ಬಳಿ ನಿಂತು ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಅಷ್ಟರಲ್ಲಿ ಟಿ.ವಿ.ಯಲ್ಲಿ ಎಂಟರ ಗಂಟೆ ಬಾರಿಸಿತು. ಹೆರ್ ವಿಟ್ಟೆ ಎದ್ದು ನಿಂತರು.

ಅವರನ್ನು ಹಿಡಿದುಕೊಳ್ಳಬೇಕು ಎಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ತಿಂಗಳುಗಟ್ಟಲೆ ಸಂಜೆಯಾದರೆ ಕುರ್ಚಿಯಲ್ಲಿ ಜಾರಿ ಕೂತಿದ್ದ ಕಾಲುಗಳು ಅವು. ನೆಟ್ಟಗೆ ನಿಂತದ್ದು ಎರಡು ಸೆಕೆಂಡ್ ಇರಬಹುದು. ಗಡಿಯಾರ ನೋಡಲು ಕೈಯೆತ್ತಿದರು, ಹಾಗೆಯೇ ಬಲಕ್ಕೆ ವಾಲಿದರು, ಮಂಚದ ಅಂಚಿಗೆ ಸೊಂಟ ತಾಗಿ ನೆಲಕ್ಕೆ ಬಿದ್ದರು. ಐರಿನ್ ಅಕ್ಕ ಒಂದೇ ನೆಗೆತಕ್ಕೆ ಅವರ ಹತ್ತಿರವಿದ್ದರು. ಹೆರ್ ವಿಟ್ಟೆಯವರ ಬಲಗಾಲು ಇರಬಾರದ ದಿಕ್ಕಿಗೆ ತಿರುಗಿತ್ತು. ಅವರು ಕೂಗಲಿಲ್ಲ. ಮಲಗಿದಲ್ಲಿಂದಲೇ ಗಡಿಯಾರವನ್ನು ಮುಖದ ಹತ್ತಿರ ತರಲು ನೋಡುತ್ತಿದ್ದರು. ಆಂಬುಲೆನ್ಸ್ ಬರುವವರೆಗೂ ವಾರ್ತೆ ನಡೆದೇ ಇತ್ತು. ಆಫ್ ಮಾಡಬೇಕೆಂದು ನಮಗೆ ತೋಚಲಿಲ್ಲ.

ತೊಡೆಯ ಮೂಳೆಯ ಕತ್ತು ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು, ಆಮೇಲೆ ನ್ಯುಮೋನಿಯಾ. ಹತ್ತೊಂಬತ್ತನೇ ದಿನ ಆಸ್ಪತ್ರೆಯಲ್ಲೇ ತೀರಿಕೊಂಡರು.

ಅದಕ್ಕೂ ಮೊದಲೇ, ಬಿದ್ದ ಮಾರನೇ ದಿನ, ಅಪಘಾತ ವರದಿಯ ಪ್ರತಿ ನಮ್ಮ ಕಂಪನಿಗೆ ಬಂದಿತ್ತು. ಬರೆದವರು ಅಂದಿನ ಪಾಳಿಯ ಹೊಣೆಗಾರ್ತಿ, ಎಂದರೆ ಐರಿನ್ ಅಕ್ಕ. 'ಹೊರಗಿನ ತಂತ್ರಜ್ಞೆಯೊಬ್ಬರು ಅನುಮತಿಯಿಲ್ಲದೆ ಕೋಣೆಯಲ್ಲಿ ಒಂದು ಸಾಧನ ಅಳವಡಿಸಿದರು. ಆ ಸಾಧನದ ಶಬ್ದಕ್ಕೆ ನಿವಾಸಿ ಒಮ್ಮೆಲೇ ಎದ್ದು ಬಿದ್ದರು.' ಪ್ರತಿ ಪದವೂ ನಿಜ. ಹನಿಯ ಮಾತು ಅದರಲ್ಲಿರಲಿಲ್ಲ. ನನಗೆ ಆ ಕಟ್ಟಡಕ್ಕೆ ಪ್ರವೇಶ ನಿಷೇಧವಾಯಿತು. ನಮ್ಮ ಬಾಸ್ ನನಗೆ ಲಿಖಿತ ಎಚ್ಚರಿಕೆ ಕೊಟ್ಟರು.

ಐರಿನ್ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕ, ನೀವೇ ಬಾ ಅಂದಿದ್ರಿ."

"ಅಂದಿದ್ದೆ. ಅದನ್ನು ಬರೀಲಿಕ್ಕೆ ಆಗ್ತದಾ? ಹನಿ ನಿಲ್ಲಿಸಿದ್ದು ಯಾಕೆ ಅಂತ ಕೇಳಿದ್ರೆ, ಹಾಕಿದ್ದು ಯಾಕೆ ಅಂತ್ಲೂ ಕೇಳ್ತಾರೆ." ಹಾಗೆಯೇ ಮುಂದುವರಿದು, "ನಲವತ್ನಾಲ್ಕು ವರ್ಷ ದುಡಿದಿದ್ದೇನೆ ಇಲ್ಲಿ. ಕೊನೇಗೆ ಹೀಗೆ ಹೋಗ್ಲಿಕ್ಕೆ ನಂಗೆ ಇಷ್ಟ ಇಲ್ಲ. ನೀನು ಎಳೆಯವಳು, ನಿಂಗೆ ಬೇರೆ ಕೆಲಸ ಸಿಕ್ತದೆ," ಎಂದರು. ನನಗಾಗ ಐವತ್ತು ದಾಟಿತ್ತು. ಆ ಫೋನಿನ ನಂತರ ನಾವು ಮಾತಾಡಿಲ್ಲ.

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಿಸಿದೆ. ಆದರೆ ಅವರು ಬರೆದದ್ದು ನಾನು ಬರೆದ ಹೋಲಿಕೆಯ ಹಾಳೆಯಂತೆಯೇ ಇತ್ತು. ಬೇಕಾದದ್ದನ್ನು ಬರೆದು, ಬೇಡದ್ದನ್ನು ಬಿಟ್ಟಿದ್ದರು.

ಮಾರ್ಚ್‌ನಲ್ಲಿ ಹೆರ್ ವಿಟ್ಟೆಯವರ ಮಗಳಿಂದ ನನ್ನ ಹೆಸರಿಗೆ ಒಂದು ಮೇಲ್ ಬಂತು. ಎರಡೇ ಸಾಲು. 'ನನ್ನ ತಂದೆ ಕೊನೆಗೂ ನೆಮ್ಮದಿಯಾಗಿ ಕೂತಿದ್ದರು. ನೀವು ಅವರನ್ನು ಎಬ್ಬಿಸಿದಿರಿ.' ಉತ್ತರ ಬರೆಯಲು ಕೂತೆ. ಹನಿಯ ವಿಷಯವನ್ನು ಪೂರ್ತಿ ಬರೆದೆ. ಓದಿ ನೋಡಿದರೆ ಅದು ತಂದೆಯನ್ನು ಕಳೆದುಕೊಂಡವಳ ಮುಂದೆ ನನ್ನ ಕೈ ತೊಳೆದುಕೊಳ್ಳುವ ಪತ್ರವಾಗಿತ್ತು. ಅಳಿಸಿದೆ. ಅವರಿಗೆ ಇವತ್ತಿಗೂ ಗೊತ್ತಿಲ್ಲ. ಹನಿಯ ವಿಷಯವನ್ನು ಆರೈಕೆ ಮನೆಗಳ ಮೇಲ್ವಿಚಾರಣೆಯ ಸರ್ಕಾರಿ ಕಚೇರಿಗೆ ಬರೆದು ಕಳಿಸಿದೆ. ಹೆಸರು ಹೇಳದೆ ಬರೆಯಬಹುದಿತ್ತು; ನನ್ನ ಹೆಸರು ಹಾಕಿಯೇ ಬರೆದೆ. ಐರಿನ್ ಅಕ್ಕನ ಹೆಸರು ಹಾಕಲಿಲ್ಲ. ಕಚೇರಿಯವರು ಬಂದು ತಪಾಸಣೆ ಮಾಡಿದರು. ಎಲ್ಲ ಹನಿಗೂ ವೈದ್ಯರ ಬರಹವಿತ್ತು, ಎಲ್ಲ ಹನಿಯೂ ಹೊತ್ತು ಸಮೇತ ಫೈಲಿನಲ್ಲಿತ್ತು. ಲೋಪವೇನೂ ಕಂಡುಬಂದಿಲ್ಲ ಎಂದು ನನಗೆ ಉತ್ತರ ಬಂತು.

ಇಷ್ಟಾದರೂ ಉಳಿದ ಮೂರು ಮನೆಗಳ ಯೋಜನೆ ನಿಂತಿರಲಿಲ್ಲ. ಅಲ್ಲಿಗೂ ಸ್ಟಿಕ್‌ಗಳ ಆರ್ಡರ್ ಹೋಗುವುದರಲ್ಲಿತ್ತು. ನಾನು ಮತ್ತೊಂದು ಹಾಳೆ ತಯಾರಿಸಿದೆ. ಈ ಸಲ ಯಾರ ಕಷ್ಟವನ್ನೂ ಬರೆಯಲಿಲ್ಲ. ಐದು ವರ್ಷದ ವೆಚ್ಚವನ್ನು ಪಕ್ಕಪಕ್ಕದಲ್ಲಿಟ್ಟೆ. ಟಿ.ವಿ. ಹಚ್ಚಿಕೊಡಲು ಸಂಜೆ ಪಾಳಿಯವರು ಒಂದು ಕೋಣೆಯಲ್ಲಿ ಕಳೆಯುವ ನಿಮಿಷಗಳನ್ನು ಕೂಡಿಸಿ ಸಂಬಳಕ್ಕೆ ಗುಣಿಸಿದೆ. ನಮ್ಮ ಕಂಪನಿಗೆ ನಷ್ಟವಾಗುವ ಹಾಳೆ ಅದು. ಬಾಸ್‌ಗೆ ತೋರಿಸದೆ ನೇರವಾಗಿ ಮೇಲಿನ ಆಡಳಿತಕ್ಕೆ ಕಳಿಸಿದೆ. ಒಂದೇ ಸಭೆಯಲ್ಲಿ ಒಪ್ಪಿಗೆಯಾಯಿತು, ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಮೂರೂ ಚಾವಣಿಗಳ ಮೇಲೆ ಡಿಶ್ ಬಂತು. ಹೆರ್ ವಿಟ್ಟೆ ಸತ್ತದ್ದರಿಂದ ಬದಲಾಗದ ತೀರ್ಮಾನ ಅಗ್ಗ ಎಂದ ಕೂಡಲೇ ಬದಲಾಯಿತು. ನನ್ನ ಕೆಲಸ ಹೋಯಿತು, ಅದು ನಿರೀಕ್ಷಿಸಿದ್ದೇ.

ಹೆರ್ ವಿಟ್ಟೆ ಇದ್ದ ಮನೆಯಲ್ಲಿ ಮಾತ್ರ ಇನ್ನೂ ಸ್ಟ್ರೀಮಿಂಗೇ ನಡೆಯುತ್ತಿದೆ. ಮೂರು ವರ್ಷದ ನಿರ್ವಹಣಾ ಕರಾರನ್ನು ಅವಧಿಗೆ ಮುಂಚೆ ಮುರಿಯುವಂತಿಲ್ಲ. ಹಾಗೆಂದು ಷರತ್ತು ಬರೆದವಳು ನಾನೇ. ಚೆನ್ನಾಗಿ ಬರೆದಿದ್ದೆ, ಇಬ್ಬರು ವಕೀಲರು ನೋಡಿದರೂ ಸಂದಿ ಸಿಗಲಿಲ್ಲವಂತೆ. ೨೦೨೭ರ ಶರತ್ಕಾಲದವರೆಗೆ ಅದು ಹಾಗೆಯೇ.

ಈಗ ನಾನು ಬೇರೊಂದು ಕಂಪನಿಯಲ್ಲಿ ಇದೇ ಬಗೆಯ ಕೆಲಸ ಮಾಡುತ್ತೇನೆ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ದೂರು ಬರುತ್ತಿರುವಷ್ಟು ದಿನ ಕೆಲಸ ಇನ್ನೂ ಸರಿಹೋಗಬಹುದು, ನಿಂತಿತೋ, ಹೋಗಿ ನೋಡಬೇಕು. ಆದ್ದರಿಂದ ವರದಿ ಬರೆಯುವ ಮುಂಚೆ ಕನಿಷ್ಠ ಒಬ್ಬರ ಕೋಣೆಯಲ್ಲಾದರೂ ಒಂದು ಪೂರ್ತಿ ಸಂಜೆ ಕೂರುತ್ತೇನೆ. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ನಾನು ಕೇಳುವುದೂ ಇಲ್ಲ.

ಕಳೆದ ತಿಂಗಳು ಹಾಗೆ ಹೋದದ್ದು ತೊಂಬತ್ತು ದಾಟಿದ ಒಬ್ಬ ಅಜ್ಜಿಯ ಕೋಣೆಗೆ. ನನ್ನ ಕೊರಳಿನ ಬ್ಯಾಡ್ಜ್ ನೋಡಿದ್ದೇ, ನಾನು ಬಾಯಿ ತೆರೆಯುವ ಮೊದಲೇ, "ಎಲ್ಲ ಚೆನ್ನಾಗಿದೆ, ಎಲ್ಲರೂ ಒಳ್ಳೆಯವರು, ನನ್ನದೇನೂ ತಕರಾರಿಲ್ಲ," ಎಂದರು. ಏನೂ ಕೇಳಲು ಬಂದಿಲ್ಲ, ಸುಮ್ಮನೆ ಕೂರುತ್ತೇನೆ ಎಂದೆ. ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಾ ಕೂತರು. ತಮ್ಮ ಟಿ.ವಿ. ಕೆಟ್ಟು ಹನ್ನೊಂದು ದಿನವಾಯಿತು ಎಂದು ಅವರ ಬಾಯಿಂದ ಬರಲು ಒಂದೂವರೆ ಗಂಟೆ ಬೇಕಾಯಿತು. ಹೇಳಿದವರೇ ಬಾಗಿಲ ಕಡೆ ನೋಡಿ, "ನಾನು ಹೇಳಿದೆ ಅಂತ ಮಾತ್ರ ಬರೆಯಬೇಡಿ," ಎಂದರು.